ಐದನೇ ವರ್ಷದ ಬ್ಯಾಟರಿ

ಬೆಂಗಳೂರಿನ ವಿದ್ಯಾರಣ್ಯಪುರದ ನಮ್ಮ ಮನೆಯಿಂದ ಬೆಳ್ಳಂದೂರಿನ ಕಚೇರಿಗೆ 28 ಕಿಲೋಮೀಟರ್. ಹೋಗಿಬರಲು 56. ಹೆಬ್ಬಾಳ, ನಾಗವಾರ, ಟಿನ್ ಫ್ಯಾಕ್ಟರಿ, ಮಹದೇವಪುರ, ಮಾರತ್ತಹಳ್ಳಿ, ಕಾಡುಬೀಸನಹಳ್ಳಿ ಎಂದು ಊರಿನ ಒಂದು ಮಗ್ಗುಲನ್ನು ಪೂರ್ತಿ ಬಳಸಿಕೊಂಡು ಹೋಗುವ ದಾರಿ. ಹೊರವರ್ತುಲ ರಸ್ತೆಗೆ ಮೆಟ್ರೊ ಇನ್ನೂ ಬಂದಿಲ್ಲ. ನೀಲಿ ಮಾರ್ಗದ ಕಂಬಗಳ ಪಕ್ಕದಲ್ಲೇ ನಾವೆಲ್ಲ ತೆವಳುತ್ತೇವೆ. ಹೆಬ್ಬಾಳದಲ್ಲಿ 500-ಡಿ ಬಸ್ ಹಿಡಿಯಬಹುದು, ಆದರೆ ಹೆಬ್ಬಾಳಕ್ಕೆ ಹೋಗಲು ಮೊದಲು ಇನ್ನೊಂದು ಬಸ್ ಬೇಕು. ಸಂಜೆ ಮಗಳ ಟ್ಯೂಷನ್ ಮುಗಿಯುವುದರೊಳಗೆ ನಾನು ಮನೆಯಲ್ಲಿರಬೇಕು. ಹಾಗಾಗಿ ದ್ವಿಚಕ್ರ ವಾಹನ ನನಗೆ ಅನಿವಾರ್ಯ. ಹಳೆಯ ಪೆಟ್ರೋಲ್ ಸ್ಕೂಟರಿಗೆ ವಯಸ್ಸಾಗಿತ್ತು, ಎಲೆಕ್ಟ್ರಿಕ್ ಗಾಡಿ ಕೊಳ್ಳಬೇಕೆಂದು ತೀರ್ಮಾನಿಸಿದೆ. ಯಾವುದನ್ನು ಎಂಬ ಪ್ರಶ್ನೆಗೆ ಉತ್ತರ ಸಿಗಲು ಕೆಲವು ತಿಂಗಳೇ ಹಿಡಿದವು.

ನನ್ನಂತೆ ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಓಡುವವರು ಈ ಊರಿನಲ್ಲಿ ಸಾವಿರಾರು ಜನರಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ಒಂದು ಚಾರ್ಜಿಗೆ ಎಷ್ಟು ಓಡುತ್ತದೆ? ದೂರದ ಸವಾರರಿಗೆ ಈ ಪ್ರಶ್ನೆ ಸಾಲದು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಐದನೇ ವರ್ಷದಲ್ಲಿ, ಮಳೆ ಬರುತ್ತಿರುವ ಸಂಜೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬರುವಾಗ ಎಷ್ಟು ಓಡುತ್ತದೆ ಎಂದು ಕೇಳಬೇಕು. ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ಯಂತ್ರ ಬಂದ ದಿನವೇ ಅದರ ಸವಕಳಿಯನ್ನೂ ಲೆಕ್ಕಕ್ಕೆ ಹಿಡಿಯುವುದು ನಮ್ಮ ಅಭ್ಯಾಸ. ಬ್ಯಾಟರಿಗೂ ಸವಕಳಿ ಇದೆ, ಶೋರೂಮಿನಲ್ಲಿ ಯಾರೂ ಅದನ್ನು ತಾವಾಗಿ ಹೇಳುವುದಿಲ್ಲ.

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್ ಅವರ್‌ಗಳಲ್ಲಿ ಬರೆದಿರುತ್ತಾರೆ. ಅದು ಬೇರೇನೂ ಅಲ್ಲ, ಬೆಸ್ಕಾಂ ಬಿಲ್ಲಿನಲ್ಲಿ ನಾವು ನೋಡುವ ಯೂನಿಟ್. 3.7 ಕಿಲೋವ್ಯಾಟ್ ಅವರ್ ಬ್ಯಾಟರಿ ಎಂದರೆ 3.7 ಯೂನಿಟ್ ಕರೆಂಟು ಹಿಡಿಯುವ ಪೆಟ್ಟಿಗೆ. ಜಾಹೀರಾತಿನಲ್ಲಿ ದೊಡ್ಡದಾಗಿ ಅಚ್ಚಾಗುವ ದೂರ ಪರೀಕ್ಷಾ ಕೇಂದ್ರದಲ್ಲಿ, ನಿಗದಿಪಡಿಸಿದ ಒಂದು ಕ್ರಮದಲ್ಲಿ ಓಡಿಸಿದಾಗ ಸಿಗುವಂಥದ್ದು. ಬೇರೆ ಬೇರೆ ಗಾಡಿಗಳನ್ನು ಹೋಲಿಸುವುದಕ್ಕೆ ಆ ಅಂಕಿ ಸರಿ, ದಿನನಿತ್ಯದ ಓಡಾಟಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ನಾನು ಪರೀಕ್ಷಾ ಸವಾರಿ ಮಾಡಿದಾಗ ಗಾಡಿಯ ಪರದೆ ಪ್ರತಿ ಕಿಲೋಮೀಟರಿಗೆ ಎಷ್ಟು ವ್ಯಾಟ್ ಅವರ್ (ಯೂನಿಟ್ಟಿನ ಸಾವಿರದ ಒಂದು ಭಾಗ) ಖರ್ಚಾಯಿತೆಂದು ತೋರಿಸುತ್ತಿತ್ತು. ಶೋರೂಮಿನವರು ಬೀದಿಯ ಸುತ್ತ ಒಂದು ಸುತ್ತು ಸಾಕೆಂದರು. ನಾನು ಒಪ್ಪಲಿಲ್ಲ. ಯಜಮಾನರನ್ನು ಹಿಂದೆ ಕೂರಿಸಿಕೊಂಡು ಹೆಬ್ಬಾಳದಿಂದ ನಾಗವಾರದವರೆಗೆ ಹೋಗಿ ಬಂದೆ. ವೇಗ ನಲವತ್ತರ ಆಸುಪಾಸಿನಲ್ಲಿದ್ದಾಗ ಖರ್ಚು ಮೂವತ್ತರ ಹತ್ತಿರ, ಮೇಲ್ಸೇತುವೆಯ ಖಾಲಿ ಜಾಗದಲ್ಲಿ ಎಪ್ಪತ್ತು ದಾಟಿದಾಗ ನಲವತ್ತೈದರ ಹತ್ತಿರ. ನನ್ನ ಲೆಕ್ಕಕ್ಕೆ ಸರಾಸರಿ 35 ಎಂದು ಹಿಡಿದೆ.

ಇಲ್ಲಿ ಒಂದು ಭಯವನ್ನು ತೆಗೆದುಹಾಕಬೇಕು. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡರೆ ಚಾರ್ಜ್ ಮುಗಿದು ನಡುದಾರಿಯಲ್ಲಿ ನಿಲ್ಲಬೇಕಾದೀತೆಂದು ನಮ್ಮ ಕಚೇರಿಯಲ್ಲಿ ಬಹಳ ಜನ ಹೆದರುತ್ತಾರೆ. ಆದರೆ ನಿಂತ ಗಾಡಿಯಲ್ಲಿ ಮೋಟಾರ್ ತಿರುಗುವುದೇ ಇಲ್ಲ. ದೀಪಕ್ಕೂ ಪರದೆಗೂ ಬೇಕಾದಷ್ಟೇ ಖರ್ಚು. ಪೆಟ್ರೋಲ್ ಎಂಜಿನ್ ನಿಂತಲ್ಲೂ ಉರಿಯುತ್ತಿರುತ್ತದೆ, ಇದು ಹಾಗಲ್ಲ. ಚಾರ್ಜನ್ನು ತಿನ್ನುವುದು ವೇಗ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಹೊರವರ್ತುಲ ರಸ್ತೆಯ ನಿಧಾನಗತಿ ನಮಗೆಷ್ಟೇ ಬೇಸರ ತಂದರೂ ಬ್ಯಾಟರಿಗೆ ಅದು ಹಿತವೇ. ಬೆಳಿಗ್ಗೆ ಆರೂವರೆಗೇ ಹೊರಟು ಖಾಲಿ ರಸ್ತೆಯಲ್ಲಿ ಹಾರಿಸಿಕೊಂಡು ಹೋಗುವವರು ಮಾತ್ರ ಹೆಚ್ಚು ಜಾಗ್ರತೆಯಿಂದ ಲೆಕ್ಕ ಹಾಕಬೇಕು.

ಈಗ ಮುಖ್ಯವಾದ ಲೆಕ್ಕ. ನನ್ನ ಮುಂದೆ ಒಂದೇ ಸ್ಕೂಟರಿನ ಎರಡು ಬ್ಯಾಟರಿಗಳಿದ್ದವು: ಏಥರ್ ರಿಜ್ಟಾ, 2.9 ಯೂನಿಟ್ ಮತ್ತು 3.7 ಯೂನಿಟ್. ಕಿಲೋಮೀಟರಿಗೆ 35 ವ್ಯಾಟ್ ಅವರ್ ಹಿಡಿದರೆ ಚಿಕ್ಕದು ಸುಮಾರು 83 ಕಿಲೋಮೀಟರ್ ಓಡಬೇಕು, ದೊಡ್ಡದು 105. ನನಗೆ ಬೇಕಾದ್ದು 56. ಹೊಸ ಗಾಡಿಯ ಮಾತಾದರೆ ಚಿಕ್ಕದೇ ಧಾರಾಳ. ಆದರೆ ಬ್ಯಾಟರಿಯ ಖಾತರಿ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ 70 ಶೇಕಡಾ. ಮೂಲ ಸಾಮರ್ಥ್ಯ ಅದಕ್ಕಿಂತ ಕೆಳಗಿಳಿದರೆ ಮಾತ್ರ ಕಂಪನಿ ಹೊಣೆ ಹೊರುತ್ತದೆ. ಅಂದರೆ 72 ಶೇಕಡಾ ಉಳಿದ ಬ್ಯಾಟರಿ ಕಂಪನಿಯ ದೃಷ್ಟಿಯಲ್ಲಿ ಸರಿಯಾಗಿಯೇ ಇದೆ, ಅದರಲ್ಲಿ ನಾವು ಮನೆ ಸೇರುತ್ತೇವೋ ಇಲ್ಲವೋ ನಮ್ಮ ಪಾಡು. 83ರ 70 ಶೇಕಡಾ 58. ಬೆಳ್ಳಂದೂರಿಗೆ ಹೋಗಿಬಂದ ಮೇಲೆ ಉಳಿಯುವುದು ಎರಡೇ ಕಿಲೋಮೀಟರ್. ಕೊಡಿಗೇಹಳ್ಳಿಯ ಕೆಳಸೇತುವೆಯಲ್ಲಿ ನೀರು ನಿಂತು ಸುತ್ತುಹಾಕಬೇಕಾದರೆ ಅದೂ ಇಲ್ಲ. 105ರ 70 ಶೇಕಡಾ 73. ಹದಿನೇಳು ಕಿಲೋಮೀಟರ್ ಕೈಯಲ್ಲಿರುತ್ತದೆ. ಮಳೆ, ಹಿಂಬದಿ ಸವಾರರು, ದಾರಿಯಲ್ಲಿ ತರಕಾರಿಗೆಂದು ತಿರುಗಿದ ತಿರುವು ಎಲ್ಲವೂ ಅದರಲ್ಲೇ ಆಗಬೇಕು. ಎರಡೂ ಬ್ಯಾಟರಿಗಳ ಬೆಲೆಯ ಅಂತರ ಹೆಚ್ಚೂಕಡಿಮೆ ನನ್ನ ಒಂದು ವರ್ಷದ ಪೆಟ್ರೋಲ್ ಉಳಿತಾಯದಷ್ಟು. ಈ ಲೆಕ್ಕ ಕಾಗದದ ಮೇಲೆ ಮೂಡಿದ ಮೇಲೆ ನನ್ನ ಮನಸ್ಸಿನಲ್ಲಿ ಅನುಮಾನ ಉಳಿಯಲಿಲ್ಲ.

ಖಾತರಿಯ ವಿಷಯದಲ್ಲಿ ಇನ್ನೂ ಒಂದು ಮಾತು, ದೂರದ ಸವಾರರು ಇದನ್ನು ಗಮನವಿಟ್ಟು ಓದಬೇಕು. ಪತ್ರದಲ್ಲಿ ವರ್ಷವೂ ಇರುತ್ತದೆ, ಕಿಲೋಮೀಟರೂ ಇರುತ್ತದೆ, ಯಾವುದು ಮೊದಲೋ ಅದು. ಶೋರೂಮಿನಲ್ಲಿ ವರ್ಷವನ್ನು ಗಟ್ಟಿಯಾಗಿ ಹೇಳುತ್ತಾರೆ. ನಮಗೆ ಅನ್ವಯವಾಗುವುದು ಕಿಲೋಮೀಟರ್. ದಿನಕ್ಕೆ 56, ವರ್ಷಕ್ಕೆ ಸುಮಾರು 250 ಕೆಲಸದ ದಿನ ಎಂದರೆ 14,000 ಕಿಲೋಮೀಟರ್. ಮೂರು ವರ್ಷ ಅಥವಾ 30,000 ಕಿಲೋಮೀಟರ್ ಎಂಬ ಖಾತರಿ ನನ್ನ ಪಾಲಿಗೆ ಎರಡು ವರ್ಷ ಕಳೆದು ಸ್ವಲ್ಪದರಲ್ಲೇ ಮುಗಿಯುತ್ತದೆ. ಹೆಚ್ಚುವರಿ ಹಣ ಕೊಟ್ಟು ಪಡೆಯುವ ಎಂಟು ವರ್ಷ ಅಥವಾ 80,000 ಕಿಲೋಮೀಟರ್ ಖಾತರಿ ಐದೂಮುಕ್ಕಾಲು ವರ್ಷಕ್ಕಿಂತ ಆಚೆ ಹೋಗುವುದಿಲ್ಲ. ಆದರೂ ಅದನ್ನು ತೆಗೆದುಕೊಂಡೆ. ಗಾಡಿಯಲ್ಲಿ ಅತ್ಯಂತ ದುಬಾರಿ ಭಾಗ ಬ್ಯಾಟರಿಯೇ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರು ಆ ಹಣವನ್ನು ಉಳಿಸಬಹುದೇನೋ, ನಮ್ಮಂಥವರು ಉಳಿಸಬಾರದು.

ಚಾರ್ಜ್ ಮಾಡುವ ಜಾಗ ಇಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ನಾವಿರುವುದು ಬಾಡಿಗೆ ಮನೆಯ ಮೊದಲ ಮಹಡಿ, ಗಾಡಿ ನಿಲ್ಲುವುದು ಕೆಳಗೆ. ಕೆಳಮನೆಯಲ್ಲಿ ಮಾಲೀಕರಿದ್ದಾರೆ, ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಬಾಡಿಗೆ ಮನೆಯಲ್ಲಿ ಇಂಥದ್ದನ್ನು ಕೇಳುವುದು ಹೇಗೆ ಎಂದು ಅಳುಕುತ್ತಲೇ ಕೇಳಿದೆ. ಅವರ ಉತ್ತರ ನನ್ನನ್ನು ಚಕಿತಗೊಳಿಸಿತು.

‘ಲೋಡಿನ ಬಗ್ಗೆ ನನಗೆ ಯೋಚನೆ ಇಲ್ಲಮ್ಮ. ನಿಮ್ಮ ಗೀಸರ್ ಇದರ ಮೂರು ಪಟ್ಟು ಎಳೆಯುತ್ತದೆ. ನನ್ನ ಯೋಚನೆ ಅರ್ಥಿಂಗಿನದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆಯದು. ಈ ಮನೆ ಕಟ್ಟಿ ಮೂವತ್ತು ವರ್ಷವಾಯಿತು, ಅದರ ಗುಂಡಿಗೆ ಯಾರೂ ನೀರು ಹಾಕಿಲ್ಲ.’

‘ಹಾಗಾದರೆ ಏನು ಮಾಡೋಣ ಅಂಕಲ್?’

‘ಮೊದಲು ಅಳೆಸೋಣ. ಆಮೇಲೆ ಗಾಡಿ ತನ್ನಿ.’

ಎಲೆಕ್ಟ್ರಿಷಿಯನ್ ಬಂದು ನ್ಯೂಟ್ರಲ್‌ಗೂ ಅರ್ತ್‌ಗೂ ನಡುವಿನ ವೋಲ್ಟೇಜ್ ಅಳೆದರು. ಎರಡು ಮೂರರೊಳಗೆ ಇರಬೇಕಾದ್ದು ಇಪ್ಪತ್ತು ದಾಟಿತ್ತು. ಹಿತ್ತಲಿನಲ್ಲಿ ಹೊಸ ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ, ನೀರು ಹಾಕಿದರು. ನಮ್ಮ ಮೀಟರಿನಿಂದಲೇ ಕೆಳಗೆ ಪ್ರತ್ಯೇಕ ಲೈನ್ ಎಳೆದು, ಲೋಡ್ ಮೀರಿದರೆ ತಾನಾಗಿ ಕರೆಂಟು ಕಡಿಯಲು ಅದಕ್ಕೊಂದು ಎಂಸಿಬಿ, ಕರೆಂಟ್ ಸೋರಿಕೆ ಹಿಡಿಯಲು ಒಂದು ಆರ್‌ಸಿಸಿಬಿ, 15 ಆಂಪಿಯರಿನ ಸಾಕೆಟ್ಟಿಗೆ ಬೀಗವಿರುವ ಪೆಟ್ಟಿಗೆ ಕೂರಿಸಿದರು. ಗುಂಡಿಯ ಖರ್ಚನ್ನು ಮಾಲೀಕರೇ ಕೊಟ್ಟರು, ಮನೆಗೆ ಬೇಕಾದ್ದೇ ತಾನೇ ಎಂದರು. ಅವರ ಈ ಔದಾರ್ಯವನ್ನು ನಾನು ಮರೆಯಲಾರೆ. ಹಳೆಯ ಮನೆಗಳಲ್ಲಿರುವವರು ಗಾಡಿ ಬುಕ್ ಮಾಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಚಾರ್ಜರ್‌ಗಳು ಕೆಲಸ ಮಾಡಲು ನಿರಾಕರಿಸುತ್ತವೆ, ಮಾಡಿದರೂ ಅದು ಅಪಾಯ.

ಮನೆಯ ಚಾರ್ಜರ್ ಸುಮಾರು 700 ವ್ಯಾಟಿನದು. ದಿನದ ಓಟಕ್ಕೆ ಖರ್ಚಾಗುವ ಎರಡು ಯೂನಿಟ್ ತುಂಬಲು ಮೂರು ಮೂರೂವರೆ ಗಂಟೆ ಸಾಕು. ರಾತ್ರಿ ಊಟ ಮುಗಿಸಿ ಹಾಕಿದರೆ ಮಲಗಿದ್ದಾಗಲೇ ತುಂಬಿರುತ್ತದೆ. ವೇಗದ ಚಾರ್ಜಿಂಗ್ ಕೇಂದ್ರ ಎಲ್ಲಿದೆ ಎಂಬ ಚಿಂತೆ ನನಗೆ ಬಹುತೇಕ ಬರುವುದೇ ಇಲ್ಲ.

ಹಣದ ಮಾತು ಬೇಗ ಹೇಳಿ ಮುಗಿಸುತ್ತೇನೆ. ಲೀಟರಿಗೆ 45 ಕಿಲೋಮೀಟರ್ ಕೊಡುವ ಪೆಟ್ರೋಲ್ ಸ್ಕೂಟರಿನಲ್ಲಿ 14,000 ಕಿಲೋಮೀಟರಿಗೆ 311 ಲೀಟರ್, ಲೀಟರಿಗೆ ನೂರರ ಮೇಲೆ ಎಂದರೆ ಮೂವತ್ತೊಂದು ಸಾವಿರ ದಾಟುತ್ತದೆ. ಕರೆಂಟಿನಲ್ಲಿ, ಚಾರ್ಜರಿನಲ್ಲಿ ಸೋರುವುದೂ ಸೇರಿ 560 ಯೂನಿಟ್, ತೆರಿಗೆ ಸಮೇತ ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ನಾಲ್ಕು ಸಾವಿರದೊಳಗೆ. ಗೃಹಜ್ಯೋತಿ ಇರುವುದರಿಂದ ಚಾರ್ಜಿಂಗ್ ಉಚಿತವೆಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಹಾಗೆ ನಂಬಬೇಡಿ. ಯೋಜನೆಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಸಾಮಾನ್ಯವಾಗಿ ಹತ್ತು ಶೇಕಡಾ ಸೇರಿಸಿದ ಮಿತಿ ಇದೆ. ಚಾರ್ಜಿಂಗಿನಿಂದ ಬಳಕೆ ತಿಂಗಳಿಗೆ 45 ಯೂನಿಟ್ಟಿಗೂ ಹೆಚ್ಚು ಏರುತ್ತದೆ, ಮಿತಿಗಿಂತ ಹೆಚ್ಚಿದ್ದಕ್ಕೆ ಬಿಲ್ ಬರುತ್ತದೆ, ಒಟ್ಟು 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಸಬ್ಸಿಡಿ ಹೆಚ್ಚಾದೀತೆಂದು ಕಾಯುವುದರಲ್ಲೂ ಅರ್ಥವಿಲ್ಲ. 2023ರ ಮೇ ಕೊನೆಯವರೆಗೆ ಕೇಂದ್ರ ಸರ್ಕಾರ ಬ್ಯಾಟರಿಯ ಪ್ರತಿ ಯೂನಿಟ್ಟಿಗೆ 15,000 ರೂಪಾಯಿ ಕೊಡುತ್ತಿತ್ತು, ಆಮೇಲೆ ಅದು ಇಳಿಯುತ್ತಲೇ ಬಂದಿದೆ.

ಬೇರೆ ಗಾಡಿಗಳನ್ನು ನೋಡದೆ ಇರಲಿಲ್ಲ. ನನಗೆ ಬಹಳ ಹಿಡಿಸಿದ್ದು ನಮ್ಮೂರಿನದೇ ಆದ ರಿವರ್ ಇಂಡಿ. 14 ಅಂಗುಲದ ಚಕ್ರ, ಮೆಟ್ರೊ ಕಾಮಗಾರಿಯಿಂದ ಕಿತ್ತುಹೋದ ರಸ್ತೆಯಲ್ಲಿ ಅದರ ಓಟ ನಿಜಕ್ಕೂ ಸೊಗಸು, ಸೀಟಿನ ಕೆಳಗಿನ ಡಿಕ್ಕಿಯೇ 43 ಲೀಟರ್. ಆದರೆ ನನ್ನ ಮೈಕಟ್ಟಿಗೆ ಅದು ಭಾರ. ನಮ್ಮ ಗೇಟಿನ ಇಳಿಜಾರಿನಲ್ಲಿ ಹಿಂದಕ್ಕೆ ತಿರುಗಿಸುವಾಗ ಹಿಡಿತ ಸಿಗಲಿಲ್ಲ. ಎತ್ತರದ, ಗಟ್ಟಿಮುಟ್ಟಾದವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಟಿವಿಎಸ್ ಐಕ್ಯೂಬ್‌ನಲ್ಲಿ ಬ್ಯಾಟರಿಯ ಹಲವು ಗಾತ್ರಗಳಿವೆ, ದೊಡ್ಡದು ಐದು ಯೂನಿಟ್ ದಾಟುತ್ತದೆ. ದಿನಕ್ಕೆ ಎಂಬತ್ತು ಕಿಲೋಮೀಟರ್ ಓಡುವವರು ಅದನ್ನು ಖಂಡಿತ ನೋಡಬೇಕು. ಹೀರೊ ವಿಡಾದ ಬ್ಯಾಟರಿಗಳನ್ನು ಬಿಚ್ಚಿ ಮನೆಯೊಳಗೆ ಒಯ್ಯಬಹುದು, ಕೆಳಗೆ ಲೈನ್ ಎಳೆಯಲು ಒಪ್ಪದ ಮಾಲೀಕರಿದ್ದರೆ ಅದೇ ದಾರಿ. ಹೋಂಡಾ ಆಕ್ಟಿವಾ ಇ ಮನೆಯಲ್ಲಿ ಚಾರ್ಜ್ ಮಾಡುವ ಗಾಡಿಯೇ ಅಲ್ಲ, ಕೇಂದ್ರಕ್ಕೆ ಹೋಗಿ ಬ್ಯಾಟರಿ ಬದಲಿಸಿಕೊಳ್ಳಬೇಕು. ಯಜಮಾನರ ಕಣ್ಣೆಲ್ಲ ಅಲ್ಟ್ರಾವಯಲೆಟ್ ಎಫ್77 ಬೈಕಿನ ಮೇಲಿತ್ತು. 10.3 ಯೂನಿಟ್ಟಿನ ಬ್ಯಾಟರಿ, ಆದರೆ ಎರಡು ಸ್ಕೂಟರಿಗಿಂತ ಹೆಚ್ಚು ಬೆಲೆ, ಊಟದ ಡಬ್ಬಿ ಇಡಲು ಜಾಗವಿಲ್ಲ.

ಸಹೋದ್ಯೋಗಿಯೊಬ್ಬರು ತಮ್ಮ 2021ರ ಗಾಡಿಯನ್ನು ಅರ್ಧ ಬೆಲೆಗೆ ಕೊಡಲು ಬಂದರು. ವಿನಯದಿಂದ ಬೇಡವೆಂದೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಬ್ಯಾಟರಿಗಳು ಹೊತ್ತಿಕೊಂಡ ಮೇಲೆ ಸರ್ಕಾರ ಎಐಎಸ್-156 ಸುರಕ್ಷತಾ ನಿಯಮವನ್ನು ಬಿಗಿಗೊಳಿಸಿತು. ಅದು ಆ ವರ್ಷದ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ಬಂತು. ಹಳೆಯ ಗಾಡಿ ಕೊಳ್ಳುವವರು ತಯಾರಿಕೆಯ ತಿಂಗಳನ್ನು ನೋಡಿಯೇ ಕೊಳ್ಳಲಿ.

ನೀರಿನ ವಿಷಯವನ್ನು ನಮ್ಮ ರಸ್ತೆಯವರಿಗೆ ಹೇಳಿಕೊಡಬೇಕಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಇಕೋಸ್ಪೇಸ್ ಮುಂದೆ ರಸ್ತೆ ಮುಳುಗಿ, ಜನ ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದ ದಿನಗಳು ಎಲ್ಲರಿಗೂ ನೆನಪಿವೆ. ಬ್ಯಾಟರಿಯ ಮೇಲೆ ಐಪಿ67 ಎಂದು ಬರೆದಿದ್ದರೆ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗದೆಂದು ಪರೀಕ್ಷಿಸಿದ್ದಾರೆ ಎಂದರ್ಥ. ಅದು ಬ್ಯಾಟರಿಗೆ ಕೊಟ್ಟ ಮಾತು, ಇಡೀ ಗಾಡಿಗಲ್ಲ. ತುಂಬಿದ ಕೆಳಸೇತುವೆಗೆ ನಾನು ಇಳಿಯುವುದಿಲ್ಲ, ಮಳೆ ನಿಲ್ಲುವವರೆಗೆ ಕಾಯುತ್ತೇನೆ.

ಸರ್ವಿಸ್ ಸೆಂಟರ್ ಮನೆಯ ಹತ್ತಿರವಿದೆಯೇ ಎಂದು ಎಲ್ಲರೂ ನೋಡುತ್ತಾರೆ. ನಾನು ಕಚೇರಿಯ ಹತ್ತಿರವೂ ನೋಡಿದೆ. ಬೆಳಿಗ್ಗೆ ಬಿಟ್ಟು ಸಂಜೆ ತೆಗೆದುಕೊಂಡು ಬರುವಂತಿದ್ದರೆ ರಜೆ ಹಾಕಬೇಕಿಲ್ಲ. ಒಂದು ಕಂಪನಿಯ ಸರ್ವಿಸ್ ಸೆಂಟರಿನ ಮುಂದೆ ಶನಿವಾರ ಹೋಗಿ ಸುಮ್ಮನೆ ನಿಂತು, ಬಂದವರನ್ನು ಮಾತನಾಡಿಸಿದೆ. ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದವರೇ ಹೆಚ್ಚು. ಆ ಕಂಪನಿಯ ಗಾಡಿಯನ್ನು ಪಟ್ಟಿಯಿಂದ ತೆಗೆದೆ.

ಕೊನೆಗೆ ತಂದದ್ದು ರಿಜ್ಟಾ, 3.7 ಯೂನಿಟ್ಟಿನದು. ಇನ್ನು ಉಳಿದಿರುವುದು ಕಚೇರಿಯ ಕೆಲಸ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಕಾರುಗಳಿಗೆ ಚಾರ್ಜಿಂಗ್ ಇದೆ, ಸ್ಕೂಟರುಗಳಿಗೆ ಒಂದು ಸಾಕೆಟ್ಟೂ ಇಲ್ಲ. ಅಲ್ಲಿ ಹಗಲು ಹೊತ್ತು ಚಾರ್ಜ್ ಆಗುವಂತಿದ್ದರೆ ಚಿಕ್ಕ ಬ್ಯಾಟರಿಯೂ ಸಾಕಾಗುತ್ತಿತ್ತು. ಸಂಬಳ ಕಡಿಮೆಯಿರುವ ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ, ಹೊಸದಾಗಿ ಸೇರಿದ ಹುಡುಗಿಯರು ಕಡಿಮೆ ಬೆಲೆಯ ಗಾಡಿಯಲ್ಲೇ ದೂರದಿಂದ ಬರಬಹುದಿತ್ತು. ಹತ್ತು ಸಾಕೆಟ್, ಒಂದು ಉಪಮೀಟರ್, ಬಳಸಿದಷ್ಟಕ್ಕೆ ಹಣ ನಾವೇ ಕಟ್ಟುತ್ತೇವೆ ಎಂದು ಬರೆದು, ಮಹಡಿ ಮಹಡಿಗೂ ಹೋಗಿ ಸಹಿ ಮಾಡಿಸಿ ಕೊಟ್ಟಿದ್ದೇನೆ. ಅನುಮತಿ ಸಿಗುವವರೆಗೆ ಕೇಳುತ್ತಲೇ ಇರುತ್ತೇನೆ. ನಿಮ್ಮ ಕಟ್ಟಡದಲ್ಲಿ ಇಂಥ ವ್ಯವಸ್ಥೆ ಈಗಾಗಲೇ ಇದ್ದರೆ, ಅಲ್ಲಿ ಯಾರನ್ನು ಹೇಗೆ ಒಪ್ಪಿಸಿದಿರಿ ಎಂದು ದಯವಿಟ್ಟು ಬರೆದು ತಿಳಿಸಿ.