ಹಂಪಿಗೆ ಬರುವ ಮೊದಲು ಈ ದಂಡಗಳ ವಿಷಯ ತಿಳಿದಿರಲಿ

ನಮ್ಮದು ಹೊಸಪೇಟೆ. ಮನೆಗೆ ಯಾರೇ ನೆಂಟರು ಬಂದರೂ ಮಾರನೇ ದಿನ ಹಂಪಿ ಅಂತಲೇ ಲೆಕ್ಕ, 13 ಕಿಲೋಮೀಟರ್ ತಾನೆ. ಕಳೆದ ರಜೆಯಲ್ಲಿ ತುಮಕೂರಿನಿಂದ ಅಕ್ಕ, ಭಾವ, ಅವರ 16 ವರ್ಷದ ಮಗ ಬಂದಿದ್ದರು. ಅಚ್ಯುತರಾಯ ಗುಡಿಯ ಮುಂದಿನ ಹಳೇ ಪೇಟೆ ಬೀದಿಯಲ್ಲಿ ನಡೆಯುತ್ತಿದ್ದೆವು. ಸೂರಿಲ್ಲದ ಒಂದು ಮಂಟಪ ಕಂಡಿತು. ಹುಡುಗ ಅದರ ಜಗುಲಿ ಹತ್ತಿ, ಕಂಬವನ್ನು ಎರಡೂ ಕೈಯಲ್ಲಿ ತಳ್ಳುವ ಹಾಗೆ ನಿಂತು "ಮಾಮಾ, ಫೋಟೋ ತೆಗಿ" ಅಂದ. ನಾನು ಬಾಯಿ ತೆರೆಯುವ ಮೊದಲೇ ದೂರದಿಂದ ಕಾವಲಿನವರು ಓಡಿ ಬಂದರು. "ಏ ತಮ್ಮಾ, ಕೈ ತಗೀ ಮೊದಲು. ಇಳಿಯಪ್ಪಾ ಕೆಳಗ."

ಭಾವನಿಗೆ ಸ್ವಲ್ಪ ಬೇಜಾರಾಯಿತು. "ಇಲ್ಲಿ ಟಿಕೆಟ್ಟೂ ಇಲ್ಲ, ಬೇಲಿಯೂ ಇಲ್ಲ, ಬೋರ್ಡೂ ಇಲ್ಲ. ಸುಮ್ನೆ ಬಯಲಲ್ಲಿ ಬಿದ್ದಿರೋ ಕಲ್ಲು ಅಲ್ವಾ ಇದು?" ಅಂತ ಕೇಳಿದರು. ಅವರು ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಹಂಪಿಗೆ ಬಂದು ತೊಂದರೆಗೆ ಸಿಕ್ಕಿಹಾಕಿಕೊಳ್ಳುವವರಲ್ಲಿ ತುಂಬಾ ಜನ ಹೀಗೇ, ಟಿಕೆಟ್ ಕೌಂಟರ್ ಮುಗಿದ ಕಡೆ ನಿಯಮವೂ ಮುಗಿಯಿತು ಅಂದುಕೊಂಡವರು ಅಂತ ನನಗೆ ಅನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂಪಿಯಲ್ಲಿ ಟಿಕೆಟ್ ಕೇಳುವುದು ಕೆಲವೇ ಕಡೆ. ವಿಜಯ ವಿಠ್ಠಲ ದೇವಸ್ಥಾನ, ಕಮಲ ಮಹಲ್ ಮತ್ತು ಗಜಶಾಲೆ ಇರುವ ರಾಣಿವಾಸದ ಆವರಣ, ಕಮಲಾಪುರದ ಮ್ಯೂಸಿಯಂ. ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಒಂದು ಕಡೆ ತೆಗೆದುಕೊಂಡ ಟಿಕೆಟ್ ಅದೇ ದಿನ ಮೂರೂ ಕಡೆ ನಡೆಯುತ್ತದೆ, ಹಾಗಾಗಿ ಅದನ್ನು ಬಿಸಾಡಬೇಡಿ. ಉಳಿದದ್ದೆಲ್ಲ ತೆರೆದ ಬಯಲು. ಯುನೆಸ್ಕೊ ಲೆಕ್ಕದಲ್ಲೇ ಇಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳಿವೆ. ಬಾಳೆ ತೋಟದ ನಡುವೆ ಗುಡಿ, ಗದ್ದೆ ಬದುವಿನಲ್ಲಿ ಮಂಟಪ, ರಸ್ತೆ ತಿರುವಿನಲ್ಲಿ ಕಲ್ಲಿನ ಬಾಗಿಲು. ಇವಕ್ಕೆಲ್ಲ ಬೇಲಿ ಹಾಕುವುದು ಆಗುವ ಮಾತಲ್ಲ. ಆದರೆ ಕಾನೂನಿಗೆ ಬೇಲಿ ಬೇಕಾಗಿಲ್ಲ. ಕೆಲವು ಸ್ಮಾರಕ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿವೆ, ಕೆಲವು ರಾಜ್ಯದ 1961ರ ಕಾಯ್ದೆಯ ಕೆಳಗೆ ಬರುತ್ತವೆ. ಇಡೀ ಪ್ರದೇಶಕ್ಕೆ 2002ರ ಕಾಯ್ದೆಯಿಂದ ಬಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಬೇರೆ ಇದೆ.

ಮುಖ್ಯವಾಗಿ ತಿಳಿದಿರಬೇಕಾದ್ದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 30ನೇ ಕಲಂ. ಸಂರಕ್ಷಿತ ಸ್ಮಾರಕವನ್ನು ಕೆಡವಿದರೆ, ಜಖಂ ಮಾಡಿದರೆ, ಅದರ ಮೇಲೆ ಗೀಚಿದರೆ, ದುರ್ಬಳಕೆ ಮಾಡಿದರೆ, ಅಲ್ಲಿಂದ ಶಿಲ್ಪದ ತುಂಡು ಎತ್ತಿಕೊಂಡು ಹೋದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮೊದಲು ಮೂರು ತಿಂಗಳು, ಐದು ಸಾವಿರ ಅಂತ ಇತ್ತು, 2010ರ ತಿದ್ದುಪಡಿಯಲ್ಲಿ ಹೆಚ್ಚಿಸಿದರು. ಕಂಬದ ಮೇಲೆ ಹೃದಯದ ಚಿತ್ರ ಬರೆದು ಎರಡು ಹೆಸರು ಕೆತ್ತುವುದೂ ಇದರಲ್ಲೇ ಬರುತ್ತದೆ. ಚಾಕ್‌ಪೀಸ್, ಮಾರ್ಕರ್, ಕಾರಿನ ಕೀ, ಯಾವುದರಲ್ಲಿ ಬರೆದರೂ ಗೀಚಿದ್ದು ಗೀಚಿದ್ದೇ.

ಇದು ಬರೀ ಕಾಗದದ ಮೇಲಿನ ಕಾನೂನು ಅಂದುಕೊಳ್ಳಬೇಡಿ. 2019ರ ಫೆಬ್ರವರಿಯಲ್ಲಿ ಒಂದು ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು, ನೆನಪಿದೆಯಾ? ಗಜಶಾಲೆಯ ಹಿಂದಿರುವ ವಿಷ್ಣು ಗುಡಿಯ ಹತ್ತಿರ ಯುವಕರು ಕಲ್ಲಿನ ಕಂಬವನ್ನು ತಳ್ಳಿ ಬೀಳಿಸಿದ್ದರು. ನೋಡಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಾಲ್ವರ ಬಂಧನವಾಯಿತು. ಹೊಸಪೇಟೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಅಂದರೆ ನಾಲ್ವರದೂ ಸೇರಿ 2 ಲಕ್ಷ 80 ಸಾವಿರ. ದುಡ್ಡು ಕಟ್ಟಿ ಮುಗಿಸುವ ಹಾಗೂ ಇರಲಿಲ್ಲ. ಕೆಡವಿದ ಕಂಬವನ್ನು ಪುರಾತತ್ವ ಇಲಾಖೆಯವರ ಕಣ್ಣೆದುರು ಅವರ ಕೈಯಲ್ಲೇ ಮತ್ತೆ ನಿಲ್ಲಿಸಿದರು.

ಇದನ್ನು ಅಲ್ಲೇ ನಿಂತು ಭಾವನಿಗೆ ಹೇಳಿದೆ. ಹುಡುಗ ಕೇಳಿದ, "ಅಷ್ಟು ದಪ್ಪ ಕಂಬ ತಳ್ಳಿದರೆ ಬೀಳತ್ತಾ ಮಾಮಾ?" ಬೀಳುತ್ತದೆ. ಇಲ್ಲಿನ ಮಂಟಪಗಳಲ್ಲಿ ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ, ಗಾರೆಯ ಅಂಟು ಇಲ್ಲ. ಮೇಲಿನ ತೊಲೆ, ಚಪ್ಪಡಿಗಳ ಭಾರವೇ ಕೆಳಗಿನ ಕಂಬವನ್ನು ಅಲುಗದಂತೆ ಹಿಡಿದಿರುತ್ತದೆ. ಚಪ್ಪಡಿ ಬಿದ್ದು ಹೋದರೆ ಕಂಬ ತನ್ನ ಬುಡದ ಮೇಲೆ ಸುಮ್ಮನೆ ನಿಂತಿರುತ್ತದೆ ಅಷ್ಟೇ. ನೋಡಲು ಗಟ್ಟಿ, ಒಳಗೆ ಹಿಡಿತ ಇಲ್ಲ. 2024ರ ಮೇ ತಿಂಗಳಲ್ಲಿ ಮಳೆಗೆ ವಿರೂಪಾಕ್ಷ ಬಜಾರಿನ ಸಾಲು ಮಂಟಪದ ಒಂದು ಭಾಗವೇ ಕುಸಿಯಿತು. ಮಳೆಗೇ ಹೀಗಾಗುವಾಗ ನಾಲ್ಕು ಜನ ಹತ್ತಿ ಕುಣಿದರೆ ಏನಾಗಬಹುದು, ನೀವೇ ಯೋಚಿಸಿ. ಬೀಳುವ ಕಲ್ಲು ನಿಮ್ಮ ಮಗುವಿನ ಮೇಲೂ ಬೀಳಬಹುದು.

ವಿಠ್ಠಲ ದೇವಸ್ಥಾನದ್ದು ಇನ್ನೊಂದು ಕಥೆ. ಗೆಜ್ಜಲ ಮಂಟಪದ ಹತ್ತಿರ ನಿಮ್ಮ ಗಾಡಿ ನಿಲ್ಲಿಸಬೇಕು, ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ಬ್ಯಾಟರಿ ಗಾಡಿ, ಇಲ್ಲವೇ ನಡಿಗೆ. ಗಾಡಿಗಳ ಓಡಾಟದ ಅದುರು ಕಲ್ಲಿಗೆ ಒಳ್ಳೆಯದಲ್ಲ, ಅದಕ್ಕೇ ಈ ವ್ಯವಸ್ಥೆ. ರಂಗ ಮಂಟಪದ ಸಂಗೀತ ಕಂಬಗಳನ್ನು ತಟ್ಟುವುದು ನಿಷೇಧ. ನಾನು ಚಿಕ್ಕವನಿದ್ದಾಗ ಗೈಡ್‌ಗಳೇ ಬೆರಳಿನಲ್ಲಿ ತಟ್ಟಿ ಸರಿಗಮ ಕೇಳಿಸುತ್ತಿದ್ದರು, ಆ ಆಸೆ ನನಗೂ ಇದೆ, ಆದರೆ ದಿನಕ್ಕೆ ಸಾವಿರಾರು ಜನ ತಟ್ಟಿದರೆ ಯಾವ ಕಲ್ಲು ತಡೆಯುತ್ತದೆ? 50 ರೂಪಾಯಿ ನೋಟಿನ ಮೇಲೆ ಇರುವ ಕಲ್ಲಿನ ರಥದ ಚಕ್ರಗಳನ್ನೂ ಒಂದು ಕಾಲದಲ್ಲಿ ಜನ ತಿರುಗಿಸುತ್ತಿದ್ದರು. ಸವೆಯುತ್ತದೆ ಅಂತ ಸಿಮೆಂಟ್ ಹಾಕಿ ನಿಲ್ಲಿಸಿದರು. ಈಗ ಸುತ್ತ ತಡೆಯೂ ಇದೆ. ಅದನ್ನು ದಾಟಿ ಒಂದು ಸೆಲ್ಫಿಗೆ ಹೋಗಬೇಡಿ. ಸೀಟಿ ಊದಿ ಊದಿ ಸಾಕಾದ ಕಾವಲಿನವರ ಮುಖ ನೋಡಿದರೆ ಪಾಪ ಅನಿಸುತ್ತದೆ.

ಫೋನಿನಲ್ಲಿ ಫೋಟೋ ತೆಗೆಯಲು ಯಾರ ಅಡ್ಡಿಯೂ ಇಲ್ಲ. ಟ್ರೈಪಾಡ್ ಇಟ್ಟರೆ, ಮದುವೆಗೆ ಮೊದಲಿನ ಫೋಟೋಶೂಟ್ ಅಂತ ತಂಡ ಕಟ್ಟಿಕೊಂಡು ಬಂದರೆ ಮೊದಲೇ ಅನುಮತಿ ಬೇಕು. ಡ್ರೋನ್ ವಿಷಯದಲ್ಲಂತೂ ಹುಷಾರು. ನನ್ನ ಸ್ನೇಹಿತನೊಬ್ಬ ಹೇಮಕೂಟ ಗುಡ್ಡದ ಮೇಲೆ ಸಂಜೆ ಹೊತ್ತು ಚಿಕ್ಕ ಡ್ರೋನ್ ತೆಗೆದ, ಹಾರಿಸುವ ಮೊದಲೇ ಕಾವಲಿನವರು ಅದನ್ನು ಕಿತ್ತು ಇಟ್ಟುಕೊಂಡರು, ಬರೆದುಕೊಟ್ಟು ಬಿಡಿಸಿಕೊಂಡು ಬರುವುದರೊಳಗೆ ರಾತ್ರಿ ಒಂಬತ್ತು. ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಸ್ಮಾರಕಗಳ ಮೇಲೆ ಡ್ರೋನ್ ಹಾರಿಸುವ ಹಾಗಿಲ್ಲ. 2021ರ ಡ್ರೋನ್ ನಿಯಮಗಳಲ್ಲಿ ಉಲ್ಲಂಘನೆಗೆ ದಂಡ ಒಂದು ಲಕ್ಷದವರೆಗೂ ಇದೆ.

ಊಟದ ವಿಷಯ ನಮ್ಮ ಜನಕ್ಕೆ ಸ್ವಲ್ಪ ಕಷ್ಟ. ಬುತ್ತಿ ಕಟ್ಟಿಕೊಂಡು ಬಂದು ಮಂಟಪದ ನೆರಳಲ್ಲಿ ಚಾಪೆ ಹಾಸಿ ಉಣ್ಣುವುದು ನಮ್ಮ ಹಳೇ ರೂಢಿ, ನಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದರು. ಆದರೆ 1959ರ ನಿಯಮಗಳ ಪ್ರಕಾರ ಅವಕಾಶ ಕೊಟ್ಟ ಜಾಗ ಬಿಟ್ಟು ಸ್ಮಾರಕದೊಳಗೆ ಅಡುಗೆ ಮಾಡುವುದು, ಉಣ್ಣುವುದು ಎರಡೂ ತಪ್ಪು. ಒಲೆ ಹೊಗೆ, ಎಣ್ಣೆ ಜಿಡ್ಡು ಕಲ್ಲಿಗೆ ಹತ್ತಿದರೆ ಬಿಡುವುದಿಲ್ಲ, ಚೆಲ್ಲಿದ ಅನ್ನಕ್ಕೆ ಕೋತಿಗಳ ಹಿಂಡೇ ಬರುತ್ತದೆ. ಕೋತಿಗೆ ನೀವಾಗಿ ತಿನ್ನಿಸಲೂ ಬೇಡಿ. ಇವತ್ತು ನೀವು ಬಾಳೆಹಣ್ಣು ಕೊಟ್ಟರೆ ನಾಳೆ ಬಂದವರ ಚೀಲ ಹೋಗುತ್ತದೆ. ಊಟಕ್ಕೆ ಹಂಪಿ ಊರಿನ ಜನತಾ ಪ್ಲಾಟ್‌ನಲ್ಲೋ ಕಮಲಾಪುರದಲ್ಲೋ ಹೋಟೆಲ್‌ಗಳಿವೆ. ಹಂಪಿ ಊರೊಳಗೆ ಮದ್ಯ, ಮಾಂಸ ಸಿಗುವುದಿಲ್ಲ, ಹೊರಗಿನಿಂದ ತಂದು ಬಂಡೆ ಮೇಲೆ ಕುಡಿಯಲು ಕೂರುವುದು ಬೇಡವೇ ಬೇಡ. ಒಡೆದ ಬಾಟಲಿ ಚೂರು ಬರಿಗಾಲಲ್ಲಿ ಬರುವ ಭಕ್ತರ ಕಾಲಿಗೆ ಚುಚ್ಚುತ್ತದೆ. ಸಾರ್ವಜನಿಕ ಜಾಗದಲ್ಲಿ ಬೀಡಿ, ಸಿಗರೇಟು ಸೇದಿದರೆ ಮೊದಲು 200 ರೂಪಾಯಿ ಇದ್ದ ದಂಡ ನಮ್ಮ ರಾಜ್ಯದಲ್ಲಿ 2025ರಿಂದ 1,000 ಆಗಿದೆ. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಿಗೆ 2016ರಿಂದಲೇ ನಿಷೇಧ.

ವಿರೂಪಾಕ್ಷ ದೇವಸ್ಥಾನದಲ್ಲಿ ಇಂದಿಗೂ ದಿನಾ ಪೂಜೆ ನಡೆಯುತ್ತದೆ. ಮಂಡಿ ಮುಚ್ಚುವ ಬಟ್ಟೆ ಹಾಕಿಕೊಂಡು ಬನ್ನಿ.

ಬಾಡಿಗೆ ಸ್ಕೂಟರ್ ತೆಗೆದುಕೊಳ್ಳುವವರು ನಂಬರ್ ಪ್ಲೇಟ್ ನೋಡಿ. ಬಾಡಿಗೆಗೆ ಪರವಾನಗಿ ಇರುವ ಗಾಡಿಗೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಬಿಳಿ ಬೋರ್ಡಿನದು ಸ್ವಂತ ಬಳಕೆಯ ಗಾಡಿ, ಅದನ್ನು ಬಾಡಿಗೆ ಕೊಡುವುದೇ ಕಾನೂನು ಮೀರಿದ್ದು, ಏನಾದರೂ ಆದರೆ ಇನ್ಶೂರೆನ್ಸ್ ತಲೆನೋವು ನಿಮಗೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ, ಇಲ್ಲದಿದ್ದರೆ 500 ರೂಪಾಯಿ. ನಮ್ಮ ಹುಡುಗ "ಹಳ್ಳಿ ರಸ್ತೆ ಅಲ್ವಾ, ನಾನು ಓಡಿಸ್ತೀನಿ" ಅಂತ ಹಟ ಮಾಡಿದ. 18 ಆಗದವರ ಕೈಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ ಪೋಷಕರು ಅಥವಾ ಗಾಡಿ ಮಾಲೀಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು ಅಂತ ಹೇಳಿದ ಮೇಲೆ ಅಕ್ಕನೇ ಕೀ ಕಿತ್ತುಕೊಂಡಳು.

ಉಳಿಯುವ ಜಾಗಕ್ಕೂ ಪರವಾನಗಿ ಇದೆಯಾ ಕೇಳಿ. ತುಂಗಭದ್ರಾ ಹೊಳೆಯ ನಡುವಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಿದರು. ಹಳೇ ವಿಡಿಯೋ ನೋಡಿಕೊಂಡು ಈಗಲೂ ಅಲ್ಲಿ ರೂಮು ಹುಡುಕುವವರಿದ್ದಾರೆ.

ಇನ್ನು ಹೊಳೆ. ತುಂಗಭದ್ರೆ ಮೇಲಿನಿಂದ ಶಾಂತ, ಒಳಗೆ ಬಂಡೆ, ಸುಳಿ, ಮೊಸಳೆ. ಡ್ಯಾಮಿನಿಂದ ನೀರು ಬಿಟ್ಟರೆ ನೋಡನೋಡುತ್ತಲೇ ಏರುತ್ತದೆ. ಅಂಬಿಗರು ಇವತ್ತು ಹರಿಗೋಲು ಹಾಕುವುದಿಲ್ಲ ಅಂದರೆ ಜಾಸ್ತಿ ದುಡ್ಡು ಕೊಡ್ತೀನಿ ಅಂತ ಒತ್ತಾಯ ಮಾಡಬೇಡಿ, ಹಾಕಿದ ದಿನ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಡ್ಯಾಮಿನಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶವೂ ಹೌದು. ಸೋಪು, ಶಾಂಪು ಪ್ಯಾಕೆಟ್ ಅದಕ್ಕೆ ಹಾಕಬೇಡಿ.

ಅಕ್ಕನ ಮನೆಯವರು ಹೊರಟ ದಿನ ಹುಡುಗ ಫೋನಿನಲ್ಲಿದ್ದ ಆ ಮಂಟಪದ ಫೋಟೋ ತೋರಿಸಿದ. ಕಂಬದಿಂದ ಎರಡು ಮಾರು ದೂರ ನಿಂತು ಮತ್ತೆ ತೆಗೆದದ್ದು, ಕಾವಲಿನವರೇ ತೆಗೆದುಕೊಟ್ಟಿದ್ದರು. ಮುಂದಿನ ಸಲ ಬಂದಾಗ ಗಜಶಾಲೆಯ ಹಿಂದೆ ಮತ್ತೆ ನಿಲ್ಲಿಸಿದ ಆ ಕಂಬವನ್ನು ನೋಡಬೇಕಂತೆ. ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ.