ಉಸಿರಾಡಿದ ಆಕ್ಸಿಜನ್ ಏನಾಗುತ್ತದೆ?

ನಾನು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಉಸಿರಾಟದ ಪಾಠ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇನೆ: ನಾವು ಒಳಗೆಳೆದ ಆಕ್ಸಿಜನ್ ಕೊನೆಗೆ ಏನಾಗುತ್ತದೆ? ಇಡೀ ಕ್ಲಾಸು 'ಕಾರ್ಬನ್ ಡೈಆಕ್ಸೈಡ್' ಅನ್ನುತ್ತದೆ. ಹಾಗನ್ನಿಸುವುದು ಸಹಜ, ಅಲ್ವಾ? ಒಳಗೆ ಹೋಗುವುದು ಅದು, ಹೊರಗೆ ಬರುವುದು ಇದು. ನಿಜಕ್ಕೂ ಅದರಲ್ಲಿ ಹೆಚ್ಚಿನ ಪಾಲು ಆಗುವುದು ನೀರು.

ಪುಸ್ತಕದ ಸಮೀಕರಣದಲ್ಲಿ ಇದು ಕಾಣುವುದೇ ಇಲ್ಲ. ಒಂದು ಗ್ಲೂಕೋಸ್ ಅಣು, 6 ಆಕ್ಸಿಜನ್ ಅಣು ಸೇರಿದರೆ 6 ಕಾರ್ಬನ್ ಡೈಆಕ್ಸೈಡ್, 6 ನೀರು. ಲೆಕ್ಕವೇನೋ ಸರಿ. ಆದರೆ ಗ್ಲೂಕೋಸ್ ಒಡೆಯುವ ದಾರಿಯಲ್ಲಿ 6 ನೀರಿನ ಅಣುಗಳೂ ಖರ್ಚಾಗುತ್ತವೆ. ಅವನ್ನೂ ಎಡಗಡೆ ಬರೆದರೆ ಬಲಗಡೆ 12 ನೀರು ಬರುತ್ತದೆ. ಉಸಿರಿನ 12 ಆಕ್ಸಿಜನ್ ಪರಮಾಣುಗಳು ಸೇರುವುದು ಈ 12ರಲ್ಲಿ. ಕಾರ್ಬನ್ ಡೈಆಕ್ಸೈಡಿನ ಆಕ್ಸಿಜನ್ ಅರ್ಧ ಗ್ಲೂಕೋಸಿನದು, ಅರ್ಧ ನೀರಿನದು.

ಇದು ನಡೆಯುವ ಜಾಗ ನನಗೆ ತುಂಬಾ ಪ್ರಿಯ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಅದರೊಳಗೆ ಒಂದು ಕಬ್ಬಿಣ, ಒಂದು ತಾಮ್ರದ ಪರಮಾಣು ಎದುರುಬದುರು ಕೂತಿವೆ. ಆಕ್ಸಿಜನ್ ಅಣು ಇವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಊಟದಿಂದ ಬಂದ ಎಲೆಕ್ಟ್ರಾನುಗಳು ಒಂದೊಂದಾಗಿ ಬಂದು ಸೇರುತ್ತವೆ. 4 ಎಲೆಕ್ಟ್ರಾನ್, 4 ಪ್ರೋಟಾನ್ ಸೇರಿದ ಮೇಲೆ 2 ನೀರಿನ ಅಣು ಹೊರಬರುತ್ತವೆ. ಅಲ್ಲಿಯವರೆಗೆ ಕಿಣ್ವ ಹಿಡಿತ ಬಿಡುವುದಿಲ್ಲ. ಅರ್ಧಕ್ಕೇ ಬಿಟ್ಟರೆ ಸೂಪರಾಕ್ಸೈಡಿನಂಥ ಅಪಾಯಕಾರಿ ಆಕ್ಸಿಜನ್ ರೂಪಗಳು ಹುಟ್ಟಿ ಜೀವಕೋಶವನ್ನೇ ಹಾಳು ಮಾಡುತ್ತವೆ. ಸಯನೈಡ್ ಅಂಟಿಕೊಳ್ಳುವುದೂ ಇದೇ ಕಬ್ಬಿಣಕ್ಕೆ. ಆಗ ರಕ್ತದ ತುಂಬಾ ಆಕ್ಸಿಜನ್ ಇದ್ದರೂ ಪ್ರಾಣ ಹೋಗುತ್ತದೆ. ಗಾಳಿ ಇದೆ, ಅದನ್ನು ನೀರು ಮಾಡುವವರಿಲ್ಲ.

ಗಿಡಗಳ ದ್ಯುತಿಸಂಶ್ಲೇಷಣೆಯಲ್ಲಿ ಇದರ ತಿರುಗುಮುರುಗು: ನೀರು ಒಡೆದು ಆಕ್ಸಿಜನ್ ಆಗುತ್ತದೆ. 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಜೊತೆಗಾರರು ಆಕ್ಸಿಜನ್-18 (ಮಾಮೂಲಿಗಿಂತ ಭಾರವಾದ್ದರಿಂದ ಗುರುತು ಹಿಡಿಯಬಹುದಾದ ಆಕ್ಸಿಜನ್) ಇರುವ ನೀರನ್ನು ಪಾಚಿಗೆ ಕೊಟ್ಟು ನೋಡಿದರು. ಹೊರಬಂದ ಆಕ್ಸಿಜನ್ ನೀರಿನದೇ ಆಗಿತ್ತು.

ಉಸಿರಿನ ಆಕ್ಸಿಜನ್ನಿನಿಂದ ಮೈಯೊಳಗೆ ಹುಟ್ಟುವ ನೀರನ್ನೇ ನಂಬಿ ಬದುಕುವ ಪ್ರಾಣಿಗಳೂ ಇವೆ. 100 ಗ್ರಾಂ ಕೊಬ್ಬು ಕರಗಿದರೆ ಸುಮಾರು 107 ಗ್ರಾಂ ನೀರು ಹುಟ್ಟುತ್ತದೆ, ಕೊಬ್ಬಿಗಿಂತ ಜಾಸ್ತಿ! ಹೆಚ್ಚಿನ ತೂಕ ಬಂದದ್ದು ಉಸಿರಿನ ಆಕ್ಸಿಜನ್ನಿನಿಂದ. ಉತ್ತರ ಅಮೆರಿಕದ ಮರುಭೂಮಿಯ ಕಾಂಗರೂ ಇಲಿ ಒಣ ಬೀಜ ತಿಂದುಕೊಂಡು, ಒಂದು ಹನಿ ನೀರು ಕುಡಿಯದೆಯೂ ಇರಬಲ್ಲದು. ಅದಕ್ಕೆ ಬೇಕಾದ ನೀರು ಬಹುಪಾಲು ಈ ಕಿಣ್ವದಲ್ಲೇ ತಯಾರಾಗುತ್ತದೆ.