ಗ್ಯಾಸ್ ತುಂಬಿಸಿದರೂ ಥಂಡ ಆಗದ ಕಾಂಟೆಸ್ಸಾ

“ಹ್ವಾದ ವರ್ಷನ ಗ್ಯಾಸ್ ಹೊಡಿಸೀನ್ರೀ, ಆದ್ರೂ ಥಂಡ ಆಗವಲ್ದು.”

ಬಿಸಿಲು ಏರತೊಡಗಿದರೆ ವಿಜಯಪುರದ ಹಳೇ ಕಾರಿನವರು ಹೇಳುವುದು ಇದನ್ನೇ. ಈ ಹಳೇ ಕಾಂಟೆಸ್ಸಾ ಕಾರಿನ ಏಸಿ ಸೋಲಾಪುರ ಹೆದ್ದಾರಿಯಲ್ಲಿ ಓಡುವಾಗ ತಕ್ಕಮಟ್ಟಿಗೆ ತಂಪು ಕೊಡುತ್ತಿತ್ತು. ಗಾಂಧಿ ಚೌಕದಲ್ಲಿ ನಿಂತರೆ ಮಾತ್ರ ಬಿಸಿಗಾಳಿ. “ಕಾಕಾ, ರಾತ್ರಿ ಇಲ್ಲೇ ಬಿಟ್ಟು ಹೋಗ್ರಿ” ಎಂದು ನಾನು ಅಂದದ್ದಕ್ಕೆ ಕಾರಣವಿತ್ತು. ಇಂಥ ಗಾಡಿಯಲ್ಲಿ ಮೊದಲ ಪರೀಕ್ಷೆ ನಡೆಯಬೇಕಾದದ್ದು ಎಂಜಿನ್ ಚಾಲೂ ಆಗುವ ಮೊದಲು.

ನಿಂತ ಗಾಡಿಯ ಏಸಿಗೆ ಒತ್ತಡದ ಗೇಜ್ ಹಚ್ಚಿದರೆ ಗ್ಯಾಸ್ ಎಷ್ಟಿದೆ ಅನ್ನುವುದು ಗೊತ್ತಾಗುವುದಿಲ್ಲ, ಆದರೆ ಅದರ ಜೊತೆ ಗಾಳಿ ಸೇರಿದೆಯೋ ಇಲ್ಲವೋ ಅನ್ನುವುದು ಗೊತ್ತಾಗುತ್ತದೆ. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಸಾಕು, ಒತ್ತಡವನ್ನು ನಿರ್ಧರಿಸುವುದು ಬರೀ ಉಷ್ಣಾಂಶ. ಇದರಲ್ಲಿ ತುಂಬಿಸಿದ್ದ ಆರ್134ಎ ಗ್ಯಾಸಿಗೆ 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ, 40 ಡಿಗ್ರಿಯಲ್ಲಿ ಸುಮಾರು 133. ಬೆಳಿಗ್ಗೆ ನೆರಳಲ್ಲಿ ಥರ್ಮಾಮೀಟರ್ 30 ತೋರಿಸುತ್ತಿತ್ತು, ಎರಡೂ ಗೇಜ್ 112ರಲ್ಲಿ ನಿಂತಿದ್ದವು. ಮೇಲಿನ 15 ಪಿಎಸ್‌ಐ ಹೆಚ್ಚುಕಡಿಮೆ ಒಂದು ವಾತಾವರಣದ ಒತ್ತಡ. ಅಂದರೆ ವ್ಯಾಕ್ಯೂಮ್ ಮಾಡದೆ (ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯದೆ), ಪೈಪಿನಲ್ಲಿದ್ದ ಗಾಳಿಯ ಮೇಲೆಯೇ ಗ್ಯಾಸ್ ಬಿಟ್ಟಿದ್ದಾರೆ. ಬಿಸಿ ಗ್ಯಾಸನ್ನು ಆರಿಸಿ ದ್ರವ ಮಾಡುವ ಕಂಡೆನ್ಸರಿನಲ್ಲಿ ಗಾಳಿ ದ್ರವ ಆಗುವುದಿಲ್ಲ. ಅಲ್ಲೇ ಜಾಗ ಹಿಡಿದು ಕೂತು ಹೈ ಸೈಡ್ (ಕಂಪ್ರೆಸರ್ ಗ್ಯಾಸನ್ನು ಒತ್ತಿ ಹೊರಬಿಡುವ ಕಡೆಯ) ಒತ್ತಡ ಏರಿಸುತ್ತದೆ. ಜೊತೆಗೆ ಬಂದ ತೇವ ದ್ರವ ಹಾಯ್ದು ತಣ್ಣಗಾಗುವ ಸಣ್ಣ ಕಿಂಡಿಯ, ಅಂದರೆ ಎಕ್ಸ್‌ಪಾನ್ಷನ್ ವಾಲ್ವಿನ ಬಾಯಲ್ಲಿ ಹಿಮ ಕಟ್ಟಬಹುದು.

ಮಧ್ಯಾಹ್ನ 38 ಡಿಗ್ರಿಯಲ್ಲಿ, ಎಂಜಿನ್ ಐಡಲ್‌ನಲ್ಲಿದ್ದಾಗ ಲೋ ಸೈಡ್ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆ) 55, ಹೈ ಸೈಡ್ 340. ಈ ಬಿಸಿಲಿಗೆ ಹೈ ಸೈಡ್ 230ರಿಂದ 270ರೊಳಗೆ ಇರಬೇಕು. ಕಂಡೆನ್ಸರ್ ಮೇಲೆ ಒಂದು ಮಗ್ ನೀರು ಸುರಿದ ಕೂಡಲೇ ಮುಳ್ಳು 240ಕ್ಕೆ ಇಳಿಯಿತು. ಹಾಗಾದರೆ ಗಾಳಿ ಹಾಯುವುದರಲ್ಲೂ ತೊಂದರೆ ಇದೆ. ಗ್ರಿಲ್ ಬಿಚ್ಚಿ ಕಂಡೆನ್ಸರನ್ನು ರೇಡಿಯೇಟರಿನಿಂದ ತುಸು ಸರಿಸಿದಾಗ ನಡುವೆ ಕಂಬಳಿಯಂಥದ್ದೊಂದು ಪದರ ಕಾಣಿಸಿತು: ಎರಿ ಮಣ್ಣಿನ ಧೂಳು, ರಸ್ತೆ ಮೇಲೆ ರಾಶಿ ಮಾಡುವಾಗ ಹಾರಿದ ಹೊಟ್ಟು, ಸತ್ತ ಹುಳ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಚೊಕ್ಕಟವಾಗಿಯೇ ಇತ್ತು. ಇದನ್ನು ಹಿಂದಿನಿಂದ ಮುಂದಕ್ಕೆ, ಸಾದಾ ಪೈಪಿನ ನೀರಿನಿಂದ ತೊಳೆಯಬೇಕು. ಪ್ರೆಶರ್ ವಾಶರ್ ಹಿಡಿದರೆ ಫಿನ್ ಮಲಗಿಬಿಡುತ್ತವೆ.

ಈ ಗಾಡಿಯ ಸರ್ವಿಸ್ ಪೋರ್ಟುಗಳು ಹಿಂದಿನ ಗ್ಯಾಸ್ ಆರ್12 ಕಾಲದ ಚೂಡಿಯವು (ಥ್ರೆಡ್ಡಿನವು), ಅವುಗಳ ಮೇಲೆ 134ಎ ಅಡಾಪ್ಟರ್ ಕೂರಿಸಿದ್ದರು. ಪರಿವರ್ತನೆ ಅಂದರೆ ಅಡಾಪ್ಟರ್ ಹಾಕಿ ಮುಗಿಯುವ ಕೆಲಸವಲ್ಲ. ಹಳೇ ಮಿನರಲ್ ಆಯಿಲ್ 134ಎ ಜೊತೆ ಬೆರೆಯುವುದಿಲ್ಲ, ಹಾಗಾಗಿ ಕಂಪ್ರೆಸರಿಗೆ ತಿರುಗಿ ಬರುವುದಿಲ್ಲ. ಅದನ್ನು ಬಸಿದು ಎಸ್ಟರ್ ಆಯಿಲ್ ಹಾಕುವುದು ಕ್ಷೇಮ, ಮೂಲೆಯಲ್ಲಿ ಉಳಿದ ಹಳೇ ಎಣ್ಣೆಯನ್ನು ಅದು ಸಹಿಸುತ್ತದೆ. ಬಿಚ್ಚಿದ ಕಡೆಯೆಲ್ಲ ಓ-ರಿಂಗ್ ಹೊಸದು. ತೇವ ಹೀರುವ ಡ್ರೈಯರ್ ಬದಲಿಸಲೇಬೇಕು, ಅದರ ಮುಚ್ಚಳ ತೆಗೆಯುವುದು ವ್ಯಾಕ್ಯೂಮ್ ಪಂಪ್ ಸಿದ್ಧವಾದ ಮೇಲೆ.

ಒಳಗಿನ ಕಲಬೆರಕೆ ಗ್ಯಾಸನ್ನು ಬೇರೆ ಸಿಲಿಂಡರಿಗೆ ಎಳೆದುಕೊಂಡು ಪಂಪ್ ಹಚ್ಚಿದ್ದು 45 ನಿಮಿಷ. ಪುಸ್ತಕದಲ್ಲಿ ವ್ಯಾಕ್ಯೂಮ್ 29 ಇಂಚು (ಪಾದರಸದ ಅಳತೆ) ಬರಬೇಕು ಅಂತಿರುತ್ತದೆ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿರುವ ವಿಜಯಪುರದಲ್ಲಿ ಮುಳ್ಳು 28ರ ಆಸುಪಾಸಿಗೇ ನಿಲ್ಲುತ್ತದೆ, ಪಂಪ್ ಕೆಟ್ಟಿದೆ ಅಂತಲ್ಲ. ನೋಡಬೇಕಾದದ್ದು ಪಂಪ್ ಬಂದ್ ಮಾಡಿದ ಮೇಲೆ 20 ನಿಮಿಷ ಮುಳ್ಳು ಅಲುಗದೆ ಇರುತ್ತದೋ ಇಲ್ಲವೋ.

ಗ್ಯಾಸ್ ತುಂಬುವುದು ತೂಕದ ಮೇಲೆ. ಆರ್12 ಒಂದು ಕಿಲೋ ಹಿಡಿಯುತ್ತಿದ್ದ ಸಿಸ್ಟಮ್‌ಗೆ 134ಎ 800ರಿಂದ 850 ಗ್ರಾಂ ಸಾಕು. ಪೈಪಿನಲ್ಲಿ ಹರಿಯುವುದು ಕಾಣುವ ಗಾಜಿನ ಕಿಂಡಿ, ಅಂದರೆ ಸೈಟ್ ಗ್ಲಾಸಿನ ಗುಳ್ಳೆ ಹೋಗುವವರೆಗೆ ಬಿಡುವುದು ಆರ್12 ಕಾಲದ ರೂಢಿ. 134ಎಗೆ ಹಾಗೆ ಮಾಡಿದರೆ ಗ್ಯಾಸ್ ಹೆಚ್ಚಾಗಿಬಿಡುತ್ತದೆ.

ಇಷ್ಟಾದರೂ ವೆಂಟಿನಲ್ಲಿ 15 ಡಿಗ್ರಿ! ಹೀಟರಿಗೆ ಹೋಗುವ ಹೋಸನ್ನು ಬಟ್ಟೆ ಸುತ್ತಿದ ಪಕ್ಕಡದಿಂದ ಒತ್ತಿ ಹಿಡಿದಾಗ ಕೆಲವೇ ನಿಮಿಷದಲ್ಲಿ 9ಕ್ಕೆ ಬಂತು. ಹೀಟರಿಗೆ ಎಂಜಿನ್ನಿನ ಬಿಸಿನೀರು ಬಿಡುವ ಕಾಕ್ ಪೂರ್ತಿ ಮುಚ್ಚುತ್ತಿರಲಿಲ್ಲ, ತಂಪಾದ ಗಾಳಿ ಹೀಟರಿನ ಬಿಸಿ ಕೋರ್ ಸವರಿಕೊಂಡು ಬರುತ್ತಿತ್ತು. ನಮ್ಮ ಕಡೆ ಹೀಟರ್ ಯಾರಿಗೆ ಬೇಕು? ಆದರೂ ಹೋಸ್ ಬೈಪಾಸ್ ಮಾಡುವುದಕ್ಕಿಂತ ಕಾಕ್ ಬದಲಿಸುವುದೇ ಸರಿ, ಅದೇನು ದೊಡ್ಡ ಖರ್ಚಿನ ಸಾಮಾನಲ್ಲ.

ಐಡಲ್‌ನಲ್ಲಿ ಹೈ ಸೈಡ್ ಈಗ 265. ಇನ್ನೂ ಇಳಿಸಬೇಕೆಂದರೆ ಕಂಡೆನ್ಸರ್ ಮುಂದೆ 12 ಇಂಚಿನ ಎಲೆಕ್ಟ್ರಿಕ್ ಫ್ಯಾನ್ ಕೂರಿಸಬಹುದು. ಆದರೆ ಕಂಪ್ರೆಸರ್ ಕ್ಲಚ್ಚಿನ ವೈರಿನಿಂದಲೇ ಅದಕ್ಕೆ ಕರೆಂಟ್ ಎಳೆಯಬಾರದು. ಬ್ಯಾಟರಿಯಿಂದ ನೇರ, ಫ್ಯೂಸ್ ಮತ್ತು ರಿಲೇ ಮೂಲಕ ಕೊಡಬೇಕು. ಕ್ಲಚ್ ಕಾಯಿಲಿಗೆ ವೋಲ್ಟೇಜ್ ಕಡಿಮೆಯಾದರೆ ಕ್ಲಚ್ ಜಾರುತ್ತದೆ, ಸುಡುತ್ತದೆ, ಆಗ ಮತ್ತೆ ಯಾರೋ ಬಂದು ಗ್ಯಾಸ್ ಹೋಗೇತಿ ಅಂತಾರೆ.